ಹೊಸ್ತಿಲ ಮೇಲೆ ನಿಂತ ಕ್ಯಾಮೆರಾ

ಕೋವಿಡ್ ಕಳೆದ ಮರುವರ್ಷದ ಮಾತು. ಆಗ ನಾನು ತುಮಕೂರಿನಲ್ಲಿ ಮನೆ ಕಟ್ಟುವವರಿಗೆ ಪ್ಲಾನ್ ಬರೆದುಕೊಡುವ ಸ್ವಂತ ಕಚೇರಿ ನಡೆಸುತ್ತಿದ್ದೆ. ಕಚೇರಿ ಎಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಕಂಪ್ಯೂಟರ್, ತಿರುಗುವಾಗ ಕಟಕಟ ಎನ್ನುವ ಒಂದು ಫ್ಯಾನ್. ನನ್ನ ತವರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಸಿವಿಲ್ ಡಿಪ್ಲೊಮಾ ಓದಲೆಂದು ತುಮಕೂರಿಗೆ ಬಂದವಳು ಇಲ್ಲಿಯೇ ಉಳಿದೆ. ಮಂಜೂರಾತಿಗೆ ಬೇಕಾದ ಪ್ಲಾನ್ ಬರೆಯುವುದರಲ್ಲಿ ನನ್ನ ಕೈ ಪಳಗಿತ್ತು. ನಾನು ಬರೆದ ಪ್ಲಾನು ಕಚೇರಿಗಳಿಂದ ತಿರುಗಿ ಬರುತ್ತಿರಲಿಲ್ಲ.

ಆದರೆ ಜನ ಪ್ಲಾನ್ ನೋಡುವುದನ್ನೇ ಬಿಟ್ಟಿದ್ದರು. ಅವರಿಗೆ ಬೇಕಾಗಿದ್ದು ತ್ರೀಡಿ ವ್ಯೂ. ಅಂದರೆ ಕಟ್ಟುವ ಮೊದಲೇ ಮನೆಯನ್ನು ಬಣ್ಣ, ಸೋಫಾ, ಪರದೆಗಳ ಸಮೇತ ಕಂಪ್ಯೂಟರಿನಲ್ಲಿ ತೋರಿಸುವುದು. ಅದನ್ನು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವಳು ಶೈಲಜಾ. ಡಿಪ್ಲೊಮಾದಲ್ಲಿ ನನ್ನ ಪಕ್ಕದ ಬೆಂಚಿನವಳು. ನನ್ನ ಸರ್ವೇ ಷೀಟ್ ನೋಡಿಕೊಂಡು ಬರೆದು ನನಗಿಂತ ಹೆಚ್ಚು ಅಂಕ ತೆಗೆದುಕೊಂಡವಳು. ಈಗ ಎಸ್.ಎಸ್. ಪುರಂನಲ್ಲಿ ಅವಳದು ಎ.ಸಿ. ಆಫೀಸು, ಗೋಡೆಗೆ ದೊಡ್ಡ ಟೀವಿ. ನನ್ನ ಹತ್ತಿರ ಪ್ಲಾನ್ ಬರೆಸಿಕೊಂಡವರು ಅದನ್ನು ಸುರುಳಿ ಸುತ್ತಿಕೊಂಡು ನೇರ ಅವಳ ಹತ್ತಿರ ಹೋಗುತ್ತಿದ್ದರು. ಮನೆ ಎದ್ದ ಮೇಲೆ ‘ಶೈಲಜಾ ಮೇಡಂ ಡಿಸೈನು’ ಎಂದು ಹೇಳಿಕೊಳ್ಳುತ್ತಿದ್ದರು.

ಹೊಟ್ಟೆಕಿಚ್ಚು ಎಂಬುದನ್ನು ಜನ ಮುಚ್ಚಿಡುತ್ತಾರೆ. ನಾನು ಮುಚ್ಚಿಡುವುದಿಲ್ಲ. ನನಗೆ ಅವಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ದಿನ ಬೆಳಗಾದರೆ ಅವಳು ಸ್ಟೇಟಸ್‌ಗೆ ತನ್ನ ಆಫೀಸಿನ ಫೋಟೋ ಹಾಕುತ್ತಿದ್ದಳು. ಹೊಳೆಯುವ ನೆಲ, ಆ ತುದಿಯಿಂದ ಈ ತುದಿಯವರೆಗೆ ಮೇಜು, ದೂರದಲ್ಲೆಲ್ಲೋ ಗೋಡೆ. ಮೂವತ್ತು ಜನ ಕೂತು ಊಟ ಮಾಡಬಹುದು ಎನಿಸುವಷ್ಟು ಜಾಗ. ನೋಡಬಾರದು ಎಂದುಕೊಂಡೇ ಕಾಫಿಗಿಂತ ಮೊದಲು ಅದನ್ನು ನೋಡುತ್ತಿದ್ದೆ.

ಆ ವರ್ಷ ಗುಬ್ಬಿಯ ಗೌರಮ್ಮ ಎಂಬುವವರು ಮಗ, ಸೊಸೆಯರೊಂದಿಗೆ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ತೆಂಗಿನ ತೋಟದ ಮನೆತನ. ಇಬ್ಬರು ಗಂಡುಮಕ್ಕಳು. ಹಿರಿಯವನಿಗೆ ಗುಬ್ಬಿಯಲ್ಲೇ ಗೊಬ್ಬರದ ಅಂಗಡಿ, ಕಿರಿಯವನು ಉಮೇಶ ತುಮಕೂರಿನ ಹತ್ತಿರ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹಳೆಯ ಮನೆ ಕೆಡವಿದ ಜಾಗದಲ್ಲಿ ಇಬ್ಬರಿಗೂ ಒಂದೊಂದು ಮನೆ, ನಡುವೆ ಒಂದೇ ಗೋಡೆ, ಮುಂದೆ ಎರಡೂ ಮನೆಗೆ ಸೇರಿ ಉದ್ದಕ್ಕೆ ಒಂದೇ ಜಗಲಿ. ಇದು ಗೌರಮ್ಮನ ಷರತ್ತು.

“ನಾನು ಜಗಲಿ ಮ್ಯಾಲೆ ಕೂತ್ಕಂಡ್ರೆ ಎರಡೂ ಮನೆ ಬಾಗಿಲು ಕಾಣ್ಬೇಕು ಕಣವ್ವ. ಇಂಚು ಹೆಚ್ಚುಕಮ್ಮಿ ಆಗ್ಬಾರ್ದು. ಇವ್ರಿಬ್ರುನ್ನೂ ನಾನು ಬಲ್ಲೆ” ಎಂದು ಸೊಸೆಯರನ್ನು ಎದುರಿಗೇ ಇಟ್ಟುಕೊಂಡು ಹೇಳಿದರು.

ಹಿರಿಯ ಸೊಸೆ ಸಾವಿತ್ರಿ ನೆಲ ನೋಡಿದಳು. ಕಿರಿಯವಳು ನಾಗರತ್ನ ಫ್ಯಾನ್ ನೋಡಿದಳು.

ನಾನು ಬರೆದುಕೊಟ್ಟೆ. ನಮ್ಮ ಕಡೆ ರೂಢಿಯಂತೆ ಅಣ್ಣನಿಗೆ ದಕ್ಷಿಣದ ಮನೆ, ತಮ್ಮನಿಗೆ ಉತ್ತರದ್ದು. ಜೋಡಿ ಮನೆ ಎಂದರೆ ಸಾಮಾನ್ಯವಾಗಿ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ತಿರುಗಿಸಿ ಬರೆಯುತ್ತಾರೆ. ಆದರೆ ಅಡುಗೆಮನೆ ಎರಡರಲ್ಲೂ ಆಗ್ನೇಯಕ್ಕೇ ಬರಬೇಕಾದ್ದರಿಂದ ತಿರುಗಿಸದೆ ಒಂದನ್ನೇ ಪಕ್ಕಕ್ಕೆ ಕಾಪಿ ಮಾಡಿದೆ. ಒಂದೊಂದರಲ್ಲೂ ಹಾಲ್ ಹದಿನಾಲ್ಕು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಅವರು ಪ್ಲಾನ್ ಸುರುಳಿ ಸುತ್ತಿಕೊಂಡು ಎಲ್ಲಿಗೆ ಹೋದರು ಎಂದು ಬೇರೆ ಹೇಳಬೇಕಾಗಿಲ್ಲ.

ಕೆಲವು ವಾರಗಳ ಮೇಲೆ ನಾಗರತ್ನ ಒಬ್ಬಳೇ ಗುಬ್ಬಿಯಿಂದ ಬಸ್ ಹತ್ತಿ ಬಂದಳು. ಮುಖ ಊದಿಸಿಕೊಂಡಿದ್ದಳು. ಕೂರು ಎಂದರೂ ಕೂರಲಿಲ್ಲ. ಎರಡು ಫೋನುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಒಂದು ಅವಳದು, ಇನ್ನೊಂದು ವಾರಗಿತ್ತಿಯದನ್ನು ಕೇಳಿ ತಂದದ್ದು. ಶೈಲಜಾ ಇಬ್ಬರಿಗೂ ಅವರವರ ಹಾಲಿನ ವ್ಯೂ ಕಳಿಸಿದ್ದಳು.

ನೋಡಿದೆ. ಸಾವಿತ್ರಿಯ ಹಾಲು ಮದುವೆ ಛತ್ರದ ಹಾಗಿತ್ತು. ಸೋಫಾ ಇಲ್ಲಿ, ಟೀವಿ ಅಷ್ಟು ದೂರ, ನಡುವೆ ಬೇಕಾದಷ್ಟು ನೆಲ. ನಾಗರತ್ನಳ ಹಾಲಿನಲ್ಲಿ ಸೋಫಾಗೂ ಟೀವಿಗೂ ಮೂಗು ತಾಗುವಂತಿತ್ತು. ಎದುರಿನ ಗೋಡೆ ಮೈಮೇಲೆ ಬಂದ ಹಾಗಿತ್ತು. ಗೋಡೆಯ ಬಣ್ಣ, ಸೋಫಾ, ಪರದೆ ಎಲ್ಲ ಒಂದೇ.

“ಈಗ ಹೇಳಿ ಮೇಡಂ. ಇಂಚು ವ್ಯತ್ಯಾಸ ಇಲ್ಲ ಅಂದ್ರಿ.”

ಪ್ಲಾನ್ ತೆಗೆದು ಅಳತೆ ತೋರಿಸಿದೆ. ಹದಿನಾಲ್ಕು, ಹದಿನೆಂಟು. ಮತ್ತೆ ಹದಿನಾಲ್ಕು, ಹದಿನೆಂಟು.

“ಪೇಪರ್ ಮೇಲೆ ಏನ್ ಬೇಕಾದ್ರೂ ಬರೀಬೋದು. ಕಣ್ಣಿಗೆ ಕಾಣೋದು ಸುಳ್ಳಾಗ್ತದಾ?” ಎಂದಳು. “ಅತ್ತೆ ಅಕ್ಕನ ಮನೇಲಿ ಮಲಗ್ತಾರೆ ಅಂತ ಅವ್ರಿಗೆ ದೊಡ್ಡದು ಮಾಡವ್ರೆ. ನಮ್ಮನೆಯೋರ್ಗೆ ಹೇಳಿದೀನಿ, ನಡುವೆ ಗೋಡೆನೂ ಬೇಡ, ಜಗಲಿನೂ ಬೇಡ. ಸೈಟ್ ಎರಡು ಭಾಗ ಮಾಡ್ಲಿ, ನಾವು ದೂರ ಬಿಟ್ಟು ಕಾಂಪೌಂಡ್ ಹಾಕ್ಕಂತೀವಿ.”

ಗುದ್ದಲಿ ಪೂಜೆಗೆ ಮುಂದಿನ ಶುಕ್ರವಾರ ಗೊತ್ತಾಗಿತ್ತು. ಇವಳ ಮಾತು ನಡೆದರೆ ಗೌರಮ್ಮನ ಒಂದೇ ಜಗಲಿ ಕಾಗದದಲ್ಲೇ ಉಳಿಯುತ್ತಿತ್ತು. ಜೊತೆಗೆ ನಾನು ತಾರತಮ್ಯ ಮಾಡಿ ಪ್ಲಾನ್ ಬರೆದೆನೆಂಬ ಮಾತು ಗುಬ್ಬಿ ತುಂಬಾ ಹರಡುತ್ತಿತ್ತು. ಆದರೂ ನಿಜ ಹೇಳುತ್ತೇನೆ, ಆ ಕ್ಷಣ ನನ್ನೊಳಗೆ ಒಂದು ಸಂತೋಷ ಎದ್ದಿತು. ಶೈಲಜಾ ತಪ್ಪು ಮಾಡಿದ್ದಾಳೆ. ಅದನ್ನು ಅವಳ ಆಫೀಸಿನಲ್ಲೇ, ಆ ದೊಡ್ಡ ಟೀವಿಯ ಮುಂದೆಯೇ ನಾನು ಹಿಡಿದು ತೋರಿಸಬೇಕು ಎನಿಸಿತು.

ಮಾರನೆಯ ದಿನ ಎಲ್ಲರೂ ಅಲ್ಲಿಗೆ ಹೋದೆವು. ಉಮೇಶ ತಾಯಿಯನ್ನೂ ಹೆಂಡತಿ, ಅತ್ತಿಗೆಯರನ್ನೂ ಕಾರಿನಲ್ಲಿ ಕರೆತಂದ. ಸೊಸೆಯರಿಬ್ಬರೂ ಗುಬ್ಬಿಯಿಂದ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲವಂತೆ. ಶೈಲಜಾ ಬಾಗಿಲಿಗೇ ಬಂದು “ಬಾರೇ ಪ್ರಭಾ, ಈಗ ದಾರಿ ಗೊತ್ತಾಯ್ತಾ?” ಎಂದಳು. ಅಷ್ಟು ವರ್ಷಗಳಲ್ಲಿ ನಾನು ಆ ಆಫೀಸಿಗೆ ಕಾಲಿಟ್ಟಿದ್ದು ಅದೇ ಮೊದಲು.

ಒಳಗೆ ಹೋದವಳು ನಿಂತೇಬಿಟ್ಟೆ. ನಮ್ಮ ವೃತ್ತಿಯವರ ಕಣ್ಣು ಮೊದಲು ನೆಲಕ್ಕೇ ಹೋಗುವುದು. ಎರಡಡಿಯ ಟೈಲ್ಸು, ಅಗಲಕ್ಕೆ ಐದು, ಉದ್ದಕ್ಕೆ ಆರು. ಹತ್ತು ಅಡಿಗೆ ಹನ್ನೆರಡು. ಇಷ್ಟು ದಿನ ನನ್ನ ಹೊಟ್ಟೆ ಉರಿಸಿದ ಆ ದರ್ಬಾರು ಜೆರಾಕ್ಸ್ ಅಂಗಡಿಯ ಮೇಲಿನ ನನ್ನ ಕೋಣೆಯಷ್ಟೇ ಇತ್ತು. ನಾವು ಆರು ಜನ ನಿಂತಾಗ ಒಬ್ಬರ ಸೆರಗು ಇನ್ನೊಬ್ಬರ ಕಾಲಿಗೆ ಸಿಗುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತೆ. ಬಹಳ ಹಿತವಾಗಿತ್ತು.

ಶೈಲಜಾ ತನ್ನ ಪರೀಕ್ಷೆ ಮೊದಲೇ ಮಾಡಿಟ್ಟಿದ್ದಳು. ಇಂಥ ದೂರು ಬಂದಾಗ ನಾವು ಮೊದಲು ಅನುಮಾನಪಡುವುದು ಸ್ಕೇಲ್ ಮೇಲೆ. ಅಡಿಯಲ್ಲಿ ಬರೆದ ಪ್ಲಾನು ತ್ರೀಡಿ ಸಾಫ್ಟ್‌ವೇರಿಗೆ ಹೋಗುವಾಗ ಅಳತೆ ಕೆಟ್ಟಿರಬಹುದು. ಕೆಟ್ಟಿರಲಿಲ್ಲ. ಆಮೇಲೆ ಪೀಠೋಪಕರಣ. ಒಂದು ಮನೆಗೆ ದೊಡ್ಡ ಸೋಫಾ ಹಾಕಿಬಿಟ್ಟರೆ ಕೋಣೆ ಚಿಕ್ಕದಾಗಿ ಕಾಣುತ್ತದೆ. ಎರಡೂ ಏಳಡಿಯ ಸೋಫಾ. ಚಿತ್ರವೇ ಅಡ್ಡಕ್ಕೆ ಹಿಗ್ಗಿರಬಹುದೇ ಎಂದರೆ, ಅದೂ ಇಲ್ಲ. ಸಾಫ್ಟ್‌ವೇರಿನ ಟೇಪಿನಿಂದ ಗೋಡೆಯಿಂದ ಗೋಡೆಗೆ ಎಳೆದು ತೋರಿಸಿದಳು. ಹದಿನಾಲ್ಕು, ಹದಿನೆಂಟು, ಎರಡರಲ್ಲೂ.

“ಎಲ್ಲಾ ಸರಿ ಇದ್ರೆ ಯಾಕಂಗ್ ಕಾಣ್ತದೆ?” ಎಂದಳು ನಾಗರತ್ನ. ಸಾವಿತ್ರಿ ತುಟಿ ಬಿಚ್ಚಲಿಲ್ಲ. ದೊಡ್ಡ ಹಾಲು ಅವಳ ಪಾಲಿಗೆ ಬಂದಿತ್ತು, ಮಾತಾಡಿ ಕೆಡಿಸಿಕೊಳ್ಳುವ ಇಷ್ಟ ಅವಳಿಗಿರಲಿಲ್ಲ. ಶೈಲಜಾಳ ಹಣೆಯಲ್ಲಿ ಎ.ಸಿ.ಯಲ್ಲೂ ಬೆವರು ಕಂಡಿತು.

ನನಗೆ ಅಷ್ಟರಲ್ಲಿ ಕಾರಣ ಹೊಳೆದಿತ್ತು. ಹತ್ತು ಹನ್ನೆರಡರ ಕೋಣೆ ಸ್ಟೇಟಸ್‌ನಲ್ಲಿ ಯಾವ ದಾರಿಯಲ್ಲಿ ಛತ್ರವಾಯಿತೋ, ಸಾವಿತ್ರಿಯ ಹಾಲೂ ಅದೇ ದಾರಿಯಲ್ಲಿ ಛತ್ರವಾಗಿತ್ತು. ಸುಮ್ಮನಿದ್ದುಬಿಡೋಣ, ಇವಳು ಇನ್ನೂ ಸ್ವಲ್ಪ ಬೆವರಲಿ ಎನಿಸಿತು. ಆದರೆ ಮೂಲೆಯಲ್ಲಿ ಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ, ಒಮ್ಮೆ ಈ ಸೊಸೆಯ ಮುಖ, ಒಮ್ಮೆ ಆ ಸೊಸೆಯ ಮುಖ ನೋಡುತ್ತಿದ್ದರು. ಅದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

“ಶೈಲಜಾ, ನಿನ್ನ ಆಫೀಸ್ ಫೋಟೋ ಹೆಂಗೆ ತೆಗೀತೀಯೇ?” ಎಂದೆ.

“ಫೋನಲ್ಲೇ. ಅಗಲಕ್ಕೆ ಬರ್ಲಿ ಅಂತ ಜೂಮ್ ಪಾಯಿಂಟ್ ಫೈವ್ ಇಟ್ಟು. ಯಾಕೆ?”

“ಎರಡೂ ಹಾಲಿನ ಕ್ಯಾಮೆರಾ ಸೆಟಿಂಗ್ ತೆಗಿ.”

ಇಂಥ ಸಾಫ್ಟ್‌ವೇರಿನಲ್ಲಿ ನಾವು ನೋಡುವ ಪ್ರತಿ ಚಿತ್ರವೂ ಒಂದು ಲೆಕ್ಕದ ಕ್ಯಾಮೆರಾ ಕಂಡದ್ದು. ಅದಕ್ಕೆ ‘ಫೀಲ್ಡ್ ಆಫ್ ವ್ಯೂ’ ಎಂಬ ಅಂಕಿ ಇರುತ್ತದೆ. ಕಣ್ಣು ಎಷ್ಟು ಅಗಲ ತೆರೆದಿದೆ ಎಂಬ ಡಿಗ್ರಿ ಲೆಕ್ಕ ಅದು. ಅಗಲ ತೆರೆದಷ್ಟೂ ಎದುರಿನ ಗೋಡೆ ದೂರ ಸರಿದು ಕೋಣೆ ಹಿಗ್ಗಿದಂತೆ ಕಾಣುತ್ತದೆ. ಕಿರಿದಾದಷ್ಟೂ ಎಲ್ಲ ಒತ್ತೊತ್ತಾಗಿ ಮುಂದಕ್ಕೆ ಬರುತ್ತದೆ. ಶೈಲಜಾ ಸೆಟಿಂಗ್ ತೆರೆದಳು. ನಾಗರತ್ನಳ ಹಾಲಿಗೆ ನಲವತ್ತು ಡಿಗ್ರಿ, ಕ್ಯಾಮೆರಾ ನಿಂತಿರುವುದು ಮುಂಬಾಗಿಲ ಹೊಸ್ತಿಲ ಮೇಲೆ. ಸಾವಿತ್ರಿಯದಕ್ಕೆ ಎಪ್ಪತ್ತೈದು ಡಿಗ್ರಿ, ಕ್ಯಾಮೆರಾ ಹಾಲಿನ ಒಳಗೆ.

ಶೈಲಜಾ ಆ ಅಂಕಿಯನ್ನೇ ನೋಡುತ್ತ ಕೂತಳು. ಆಮೇಲೆ ಗೌರಮ್ಮನ ಕಡೆ ತಿರುಗಿ, “ಅಜ್ಜಿ, ಅವತ್ತು ನೀವು ಒಳಗೆ ಬಾ ಅಂದ್ರಲ್ಲ” ಎಂದಳು.

ಆಗಿದ್ದು ಇಷ್ಟು. ಮೊದಲ ಸಲ ವ್ಯೂ ತೋರಿಸಿದಾಗ ಎರಡೂ ಕ್ಯಾಮೆರಾ ಹೊಸ್ತಿಲ ಮೇಲೇ ಇದ್ದವು. ಹಿರಿಯ ಮಗನ ಮನೆ ಟೀವಿಯ ಮೇಲೆ ಬಂದೊಡನೆ ಗೌರಮ್ಮ, “ಹೊಸ್ತಿಲ ಮ್ಯಾಲೆ ನಿಂತ್ಕಂಡು ನೋಡ್ತಾರೇನವ್ವ? ಒಳೀಕ್ ಬಂದು ತೋರ್ಸು” ಎಂದಿದ್ದರು. ನಮ್ಮ ಮನೆಗಳಲ್ಲಿ ಹೊಸ್ತಿಲ ಮೇಲೆ ನಿಂತರೆ ದೊಡ್ಡವರು ಗದರುತ್ತಾರೆ, ಅದು ಶೈಲಜಾಳಿಗೂ ಗೊತ್ತು. ತಕ್ಷಣ ಕ್ಯಾಮೆರಾವನ್ನು ಒಳಗೆ ತಂದಳು. ಒಳಗೆ ತಂದರೆ ಅರ್ಧ ಹಾಲು ಚಿತ್ರದಿಂದ ಹೊರಗೆ ಹೋಯಿತು. ಪೂರ್ತಿ ಕಾಣಲೆಂದು ಡಿಗ್ರಿ ಹೆಚ್ಚಿಸಿದಳು. ಕಿರಿಯ ಮಗನ ಮನೆ ತೋರಿಸುವ ಹೊತ್ತಿಗೆ ಗೌರಮ್ಮ ಕಾಫಿ ಕುಡಿಯಲು ಹೊರಗೆ ಹೋಗಿದ್ದರು. ಹೇಳುವವರಿಲ್ಲದೆ ಆ ಕ್ಯಾಮೆರಾ ಹೊಸ್ತಿಲ ಮೇಲೆಯೇ ನಿಂತುಬಿಟ್ಟಿತ್ತು.

ಇಷ್ಟನ್ನೂ ವಿವರಿಸಿದರೂ ನಾಗರತ್ನ ನಂಬಲಿಲ್ಲ. “ನಿನ್ನ ಫೋನ್ ತಗೋಮ್ಮ. ಇಲ್ಲೇ ನಿಂತು ಈ ಆಫೀಸಿನ ಎರಡು ಫೋಟೋ ತೆಗಿ. ಒಂದು ಹಾಗೇ, ಒಂದು ಪಾಯಿಂಟ್ ಫೈವ್ ಇಟ್ಟು” ಎಂದೆ. ತೆಗೆದಳು. ಎರಡನ್ನೂ ನೋಡಿದಳು. ತಲೆ ಎತ್ತಿ ನಿಜವಾದ ಕೋಣೆಯನ್ನು ನೋಡಿದಳು.

“ಹೌದಲ್ವಾ ಮೇಡಂ. ಇಷ್ಟೇ ಇಷ್ಟಿರೋದು ಎಷ್ಟು ದೊಡ್ಡದಾಗಿ ಕಾಣ್ತದೆ.”

ಶೈಲಜಾಳ ಮುಖ ಕೆಂಪಗಾಯಿತು. ನಾನು ಅದನ್ನು ಚೆನ್ನಾಗಿ ನೋಡಿಕೊಂಡೆ.

“ಅಂಗಾರೆ ಈ ಜಗಳ ತಂದಿಟ್ಟೋಳು ನಾನೇಯಾ?” ಎಂದರು ಗೌರಮ್ಮ. ಅವರ ದನಿ ಸಣ್ಣದಾಗಿತ್ತು.

“ನಿಮ್ದೇನಿಲ್ಲ ಅಜ್ಜಿ. ಒಂದನ್ನ ಒಳಗೆ ತಂದೋಳು ಇನ್ನೊಂದನ್ನೂ ತರಬೇಕಿತ್ತು, ನಂದೇ ತಪ್ಪು” ಎಂದಳು ಶೈಲಜಾ. ಇಷ್ಟು ನೇರವಾಗಿ ಒಪ್ಪಿಕೊಂಡಾಳೆಂದು ನಾನು ಅಂದುಕೊಂಡಿರಲಿಲ್ಲ. ಅದಕ್ಕೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಅವಳು ಎರಡೂ ಕ್ಯಾಮೆರಾಗಳನ್ನು ಒಳಗೆ ಒಂದೇ ಮೂಲೆಯಲ್ಲಿ, ಒಂದೇ ಎತ್ತರಕ್ಕೆ, ಐವತ್ತೈದು ಡಿಗ್ರಿಗೆ ನಿಲ್ಲಿಸಿದಳು. ಟೀವಿಯ ಮೇಲೆ ಎರಡು ಹಾಲು ಪಕ್ಕಪಕ್ಕ ಬಂದವು. ಯಾವುದು ಯಾರದೆಂದು ಹೆಸರು ಬರೆಯದಿದ್ದರೆ ಗೊತ್ತಾಗುತ್ತಿರಲಿಲ್ಲ. ನಾಗರತ್ನಳ ಹಾಲು ಬೆಳೆದಿತ್ತು, ಸಾವಿತ್ರಿಯದು ಇಳಿದಿತ್ತು. ಸಾವಿತ್ರಿ ಅವತ್ತು ಮೊದಲ ಸಲ ಬಾಯಿ ಬಿಟ್ಟಳು.

“ನಂದು ಮೊದ್ಲಿದ್ದಂಗೇ ಇರ್ಲಿ ಬಿಡಿ ಮೇಡಂ. ಫೋಟೋ ತಾನೆ.”

“ಇಲ್ಲ” ಎಂದೆವು ನಾನೂ ಶೈಲಜಾನೂ ಒಟ್ಟಿಗೆ. ಬಹಳ ವರ್ಷಗಳ ಮೇಲೆ ನಾವಿಬ್ಬರೂ ಒಂದೇ ಮಾತು ಹೇಳಿದ್ದು ಅದು.

ಶುಕ್ರವಾರ ಗುದ್ದಲಿ ಪೂಜೆ ನಡೆಯಿತು. ನಡುವೆ ಒಂದೇ ಗೋಡೆ, ಮುಂದೆ ಒಂದೇ ಜಗಲಿ. ಗೃಹಪ್ರವೇಶಕ್ಕೆ ನನ್ನನ್ನೂ ಶೈಲಜಾಳನ್ನೂ ಕರೆದಿದ್ದರು. ಗೌರಮ್ಮ ಜಗಲಿಯ ನಟ್ಟನಡುವೆ ಗೋಡೆಗೆ ಒರಗಿ ಕೂತು, ಬಂದವರಿಗೆಲ್ಲ ಎರಡೂ ಬಾಗಿಲುಗಳನ್ನು ತೋರಿಸುತ್ತಿದ್ದರು. ಊಟದ ನಂತರ ನಾಗರತ್ನ ನನ್ನನ್ನು ಪಕ್ಕಕ್ಕೆ ಕರೆದು, “ನಿಜ ಹೇಳಿ ಮೇಡಂ, ಅಕ್ಕನ ಹಾಲು ಒಂಚೂರು ದೊಡ್ಡದಲ್ವಾ?” ಎಂದಳು. ಬ್ಯಾಗಿನಿಂದ ಟೇಪ್ ತೆಗೆದು ಕೈಗೆ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಸಾವಿತ್ರಿಯೂ ಬಂದು ಅದನ್ನೇ ಕೇಳಿದಳು.

ಗೌರಮ್ಮನಿಗೆ ಇದು ಕೇಳಿಸಿತ್ತು. “ಬುಡವ್ವ, ಕೇಳ್ಕಳ್ಲಿ. ಒಂದೇ ಜಗಲಿ ಮ್ಯಾಲೆ ನಿಂತ್ಕಂಡು ಕೇಳ್ತಾವ್ರಲ್ಲ, ಅಷ್ಟು ಸಾಕು ನಂಗೆ” ಎಂದರು.

ಅಲ್ಲಿಂದ ಈಚೆಗೆ ನಾನೂ ತ್ರೀಡಿ ಕಲಿತು ವ್ಯೂ ಕೊಡುತ್ತಿದ್ದೇನೆ. ಪ್ರತಿ ಚಿತ್ರದ ಕೆಳಗೆ ಕ್ಯಾಮೆರಾ ಎಲ್ಲಿ ನಿಂತಿದೆ, ಎಷ್ಟು ಡಿಗ್ರಿ ಎಂದು ಬರೆಯುತ್ತೇನೆ. ಎರಡು ಚಿತ್ರ ಹೋಲಿಸುವ ಮೊದಲು ನೋಡಿದವರು ಎಲ್ಲಿ ನಿಂತಿದ್ದರು ಎಂದು ಕೇಳಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಅದು. ಹಾಗೆ ಕೇಳಿದರೆ ಲೆಕ್ಕ ಸರಿಹೋಗುತ್ತದೆ. ಹೊಟ್ಟೆಯ ಉರಿ ಆರುತ್ತದೆ ಎಂದು ಮಾತ್ರ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಹೋದ ದೀಪಾವಳಿಗೆ ನನ್ನ ಕೋಣೆಗೆ ಸುಣ್ಣಬಣ್ಣ ಮಾಡಿಸಿ, ಫೋನಿನಲ್ಲಿ ಪಾಯಿಂಟ್ ಫೈವ್ ಇಟ್ಟು ಒಂದು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಮೊದಲು ನೋಡಿದವಳು ಶೈಲಜಾ. ಲೆನ್ಸು, ಡಿಗ್ರಿ ಎಲ್ಲ ಅರೆದು ಕುಡಿದವಳು. ಕೂಡಲೇ ಅವಳಿಂದ ಮೆಸೇಜು ಬಂತು: “ಹೊಸ ಆಫೀಸ್ ತಗೊಂಡ್ಯೇನೇ? ಎಲ್ಲಿ? ನಂಗೆ ಹೇಳ್ಲೇ ಇಲ್ಲ.”

ಬಂದು ನೋಡು ಎಂದು ಬರೆದೆ. ಎಷ್ಟು ಡಿಗ್ರಿ ಎಂದು ಹೇಳಲಿಲ್ಲ.