ಹಳೆಯ ಬಾವಿಗೆ ಬಂದ ಹೊಸ ನೀರು

ಊರಿನಿಂದ ಹೊಸ ಅಕ್ಕಿಯ ಮೂಟೆ ಬಂದಿತ್ತು. ಈ ಬೆಳಗ್ಗೆ ಮೊಮ್ಮಗಳು ಅದನ್ನು ಒಲೆಯ ಮೇಲಿಟ್ಟಳು. ಗಂಜಿ ಉಕ್ಕುವ ವಾಸನೆ ಹಿತ್ತಿಲಿಗೆ ಬಂತು. ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈ ನಿಂತಿತು. ಎಷ್ಟು ಹೊತ್ತು ನಿಂತಿತೋ! "ಪಾಟೀ, ನಿದ್ದೆಯಾ?" ಎಂದು ಅವಳು ಕೂಗಿದ ಮೇಲೆ ಎಚ್ಚರ. ಮುದುಕರು ಸುಮ್ಮನೆ ಕೂತರೆ ನಿದ್ದೆ ಎನ್ನುತ್ತಾರೆ, ಮಾತಾಡಿದರೆ ಅರಳುಮರಳು ಎನ್ನುತ್ತಾರೆ. ಎರಡರಲ್ಲಿ ಮಾತೇ ಮೇಲು ಎಂದುಕೊಂಡು ನಿಮ್ಮೆದುರು ಕೂತಿದ್ದೇನೆ.

ದಿಂಡಿಗಲ್ಲಿನಿಂದ ಹೊರಟು ಹನುಮಂತನಪಟ್ಟಿ ದಾಟಿದರೆ ಈಗ ನಿಮಗೆ ಕಾಣುವುದು ಬರೀ ಹಸಿರು. ನಾನು ಮದುವೆಯಾಗಿ ಹೋದಾಗ ಹಾಗಿರಲಿಲ್ಲ. ಅವು ಸಾವಿರದ ಎಂಟುನೂರ ತೊಂಬತ್ತರ ಮೊದಲ ವರ್ಷಗಳು. ನಮ್ಮ ಊರು ಹೊಳೆಯಿಂದ ದೂರ, ದಿಬ್ಬದ ಮೇಲೆ. ಪಡುವಣಕ್ಕೆ ಗೋಡೆ ಎಬ್ಬಿಸಿದ ಹಾಗೆ ಮಲೆ. ಮೋಡಗಳು ಅಲ್ಲಿಯವರೆಗೆ ಬಂದು ಆಚೆಯ ಸೀಮೆಗೆ ಸುರಿದುಬಿಡುತ್ತಿದ್ದವು. ನಮಗೆ ಗುಡುಗು ಮಾತ್ರ, ಮಳೆ ಪರರಿಗೆ. ಕೆಂಪು ನೆಲ, ಜೋಳ, ಕಂಬು ಎನ್ನುವ ಸಜ್ಜೆ, ಕುರಿ, ಗಾಳಿ. ಪೆರಿಯಕುಳದ ಮಾವಿನ ತೋಪುಗಳ ನೆರಳಲ್ಲಿ ಬೆಳೆದ ನಾನು ಮೊದಲ ದಿನದ ಜೋಳದ ಮುದ್ದೆಯನ್ನು ನೋಡಿ ಅತ್ತುಬಿಟ್ಟೆ. ಮುದ್ದೆಯೇನೂ ಕರಗಲಿಲ್ಲ.

ಆ ಊರಿಗಿಂತ ಊರ ಬಾವಿ ಹಳೆಯದು. ನಮ್ಮ ಹಿರಿಯರು ಕನ್ನಡ ಸೀಮೆಯಿಂದ ದನಗಳ ಹಿಂದೆ ನಡೆದು ಬಂದವರಂತೆ. ಒಂದು ಬಿಳಿ ಹಸು ಈ ದಿಬ್ಬದ ಮೇಲೆ ಮಲಗಿ ಏಳಲೇ ಇಲ್ಲವಂತೆ. ಅದು ಮಲಗಿದ ಕಡೆ ಅಗೆದರು, ನೀರು ಸಿಕ್ಕಿತು, ಆಮೇಲೆ ಮನೆ ಕಟ್ಟಿದರು. ಅದಕ್ಕೇ ಹೊಸದಾಗಿ ಬಂದ ಸೊಸೆಯನ್ನು ಮನೆಗೆ ಕರೆದೊಯ್ಯುವ ಮೊದಲು ಬಾವಿಗೆ ತೋರಿಸುವುದು. ನನ್ನನ್ನು ಭುಜ ಹಿಡಿದು ಬಗ್ಗಿಸಿದವಳು ಓರಗಿತ್ತಿ ಕಾಮಕ್ಕ. ತಳ ಕಾಣದಷ್ಟು ಆಳ. ನಾನು ಚೀರಿದೆ.

"ಬೆದರಬೇಡ ತಾಯಿ," ಎಂದು ನಕ್ಕಳು. "ಮ್ಯಾಲೆ ಇರೋ ಅತ್ತೆಗಿಂತ ಒಳಗಿರೋ ಅಮ್ಮ ವಾಸಿ."

ಅತ್ತೆ ಪಕ್ಕದಲ್ಲೇ ನಿಂತಿದ್ದರು.

ಕಾಮಕ್ಕನ ಗಂಡ ನನಗೆ ಬಾವ, ನನ್ನವರ ಅಣ್ಣ. ಅವರಿಗೆ ಮಕ್ಕಳಿರಲಿಲ್ಲ. ಒಂದು ಗಾಡಿ, ಎರಡು ಎತ್ತು, ಊರ ಮೇಲಿನ ಹೊಲ, ಅಷ್ಟೇ. ಆಗ ಮಲೆಯ ಮೇಲೆ ಸರ್ಕಾರದವರು ಅಣೆ ಕಟ್ಟುತ್ತಿದ್ದರು. ಪಡುವಣಕ್ಕೆ ಹರಿಯುವ ಹೊಳೆಯನ್ನು ತಡೆದು, ಬೆಟ್ಟ ಕೊರೆದು, ನಮ್ಮ ಕಣಿವೆಗೆ ತಿರುಗಿಸುತ್ತಾರೆ ಎಂದು ಸುದ್ದಿ. ಊರಿನವರು ನಕ್ಕರು. ಬಾವ ನಗಲಿಲ್ಲ. ಗಾಡಿ ಕಟ್ಟಿ ಅಣೆಯ ಕೆಲಸಕ್ಕೆ ಸುಣ್ಣ ಹೇರಲು ಹೊರಟರು.

"ಅಲ್ಲಿ ಕಾಯ್ಚಲು ಅಂತಾರೆ," ಎಂದಳು ಕಾಮಕ್ಕ. ಜ್ವರಕ್ಕೆ ನಮ್ಮಲ್ಲಿ ಹಾಗನ್ನುವುದು.

"ನೀರು ಬಂದ್ರೆ ನಮ್ಮ ಮ್ಯಾಲಿನ ಒಲದಾಗೆ ನೆಲ್ಲು ಬೆಳೀಬೋದು. ನೀನು ನೆಲ್ಲುಸೋರು ತಿನ್ನಬೇಡ್ವಾ?" ಎಂದರು ಬಾವ. ಅಕ್ಕಿಯ ಅನ್ನಕ್ಕೆ ನಮ್ಮಲ್ಲಿ ಹಾಗನ್ನುವುದು.

"ನಾನೇನು ಕೇಳಿದ್ನಾ?"

"ಕೇಳಿಲ್ಲ. ಅದಕ್ಕೇ ಓಗ್ತೀನಿ."

ಆ ಸಲ ಬಿಸಿಲುಗಾಲ ಮುಗಿಯುವ ಮೊದಲೇ ಗಾಡಿ ಹಿಂದಿರುಗಿತು. ಓಡಿಸಿಕೊಂಡು ಬಂದವನು ಜೊತೆಗೆ ಹೋಗಿದ್ದ ಪಕ್ಕದ ಊರಿನವನು. ಅವನೇ ಬಿಳಿಚಿಕೊಂಡು ನಡುಗುತ್ತಿದ್ದ. ಕಾಮಕ್ಕ ಎತ್ತುಗಳನ್ನು ಬಿಚ್ಚಿ, ಹುಲ್ಲು ಹಾಕಿ, ಅವನಿಗೆ ಮಜ್ಜಿಗೆ ಕೊಟ್ಟು, ಆಮೇಲೆ ಕೇಳಿದಳು.

"ಮಣ್ಣಾ, ಬೆಂಕಿಯಾ?"

"ಮಣ್ಣು ಅಕ್ಕಾ. ಸೌದೆಯೆಲ್ಲ ನೆನೆದಿತ್ತು. ಹೊಳೆ ದಡದಾಗೆ, ಅವ್ರನ್ನೂ ಕಾಯ್ಚಲಲ್ಲಿ ಸತ್ತ ಇನ್ನೊಬ್ಬನ್ನೂ ಒಟ್ಟಿಗೆ."

"ಗುರುತಿಗೆ ಏನಾದ್ರೂ ಇಟ್ರಾ?"

ಅವನು ತಲೆ ತಗ್ಗಿಸಿದ. "ಇಟ್ಟು ಏನು ಅಕ್ಕಾ? ಅಣೆ ಮುಗಿದ್ರೆ ಅಲ್ಲೆಲ್ಲ ನೀರು ನಿಲ್ತದೆ."

ಕಾಮಕ್ಕ ಅಳಲಿಲ್ಲ. ಮನೆ ತುಂಬ ಹೆಂಗಸರು ಅಳುತ್ತಿದ್ದರೆ ಅವಳು ಎತ್ತಿನ ಮೈ ತಿಕ್ಕುತ್ತಿದ್ದಳು.

ಅಣೆ ಮುಗಿಯಿತು. ನೀರು ಬಂದೇ ಬಂತು. ಊರಿಗೆ ಊರೇ ಹೊಳೆಯ ದಡಕ್ಕೆ ಓಡಿತು. ಅರಿಶಿನ, ಹೂವು, ಕರ್ಪೂರ! ನಾನೂ ಓಡಿದೆ, ಮೊಣಕಾಲ ಮಟ್ಟ ನಿಂತು ಮಗುವಿನ ಹಾಗೆ ಕುಣಿದೆ. ಒದ್ದೆ ಸೀರೆಯಲ್ಲಿ ಮನೆಗೆ ಬಂದಾಗ ಕಾಮಕ್ಕ ಬಾಗಿಲಲ್ಲೇ ಕೂತು ಜೋಳ ಕೇರುತ್ತಿದ್ದಳು. ನನ್ನ ಸೀರೆಯನ್ನು ನೋಡಿದಳು, ಮತ್ತೆ ಮೊರ ಎತ್ತಿದಳು. ನಾನು ಹಿತ್ತಿಲ ಕಡೆಯಿಂದ ಒಳಗೆ ಹೋದೆ.

ಕಾಲುವೆಗಳು ಬಂದವು. ನಮ್ಮ ಕೆಳಗಿನ ಹೊಲಕ್ಕೆ ನೀರು ಬರಬೇಕಾದರೆ ಕಾಮಕ್ಕನ ಮೇಲಿನ ಹೊಲವನ್ನು ಹಾಯ್ದೇ ಬರಬೇಕು. ಅವಳು ಒಪ್ಪಲಿಲ್ಲ. ನೆರೆಯವರ ಗದ್ದೆಗಳು ಹಸಿರಾದವು, ನಡುವೆ ನಮ್ಮದು ಮಾತ್ರ ಬೂದು. ಊರ ಹಿರಿಯರು ಬಂದು ಜಗಲಿಯಲ್ಲಿ ಕೂತರು. ನನ್ನವರು ಕೈಮುಗಿದೇ ಹೇಳಿದರು: "ಅತ್ತಿಗೆ, ಅಣ್ಣ ಓಗಿದ್ದೇ ಈ ನೀರಿಗಾಗಿ ಅಲ್ವಾ?"

ಕಾಮಕ್ಕ ಬಾಗಿಲ ಮರೆಯಿಂದ ಹೇಳಿದಳು: "ಅದು ಅವ್ರ ಎದೆ ಮ್ಯಾಲೆ ನಿಂತಿರೋ ನೀರು. ನೀವೆಲ್ಲ ಕುಡೀರಿ, ನಾ ಬೇಡ ಅನ್ನಲ್ಲ. ನಂಗೆ ನಮ್ಮ ಬಾವಿ ಐತೆ."

ಹಿರಿಯರು ಎದ್ದು ಹೋದರು. ಆಮೇಲಿನ ಎರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಮಾತಾಡಿದ್ದರೆ ಮನೆ ಎರಡಾಗುತ್ತಿತ್ತು. ಊರಿನವರಿಗೆ ಬಾವಿ ಬೇಡವಾಗಿತ್ತು. ಅಷ್ಟು ಆಳದಿಂದ ಸೇದುವ ಕರ್ಮ ಯಾರಿಗೆ ಬೇಕು? ಕಾಮಕ್ಕ ಒಬ್ಬಳೇ ಸೇದುತ್ತಿದ್ದಳು, ಅಂಗೈ ಬೊಕ್ಕೆ ಎದ್ದರೂ. ನಾನು ಒಮ್ಮೊಮ್ಮೆ ಜೊತೆಗೆ ಹೋಗುತ್ತಿದ್ದೆ.

ಒಂದು ಬೆಳಗ್ಗೆ ಅವಳು ಕೊಡ ಇಳಿಬಿಟ್ಟಳು. ಕೊಡ ಬೇಗನೆ ನೀರಿಗೆ ಬಿತ್ತು. ಹಗ್ಗ ಇನ್ನೂ ಅರ್ಧಕ್ಕರ್ಧ ಅವಳ ಕಾಲ ಬಳಿ ಸುತ್ತಿಕೊಂಡೇ ಇತ್ತು. ಅವಳು ನನ್ನ ಮುಖ ನೋಡಿದಳು. ಇಬ್ಬರೂ ಬಗ್ಗಿದೆವು. ಎಂದೂ ಕಾಣದ ನೀರು ಕಂಡಿತು, ಅದರಲ್ಲಿ ನಮ್ಮಿಬ್ಬರ ಮುಖ.

ಗದ್ದೆಗಳಿಗೆ ಹರಿದ ನೀರು ನೆಲದೊಳಗೆ ಇಂಗಿ ಬಾವಿಗೆ ಊರಿದೆ ಎಂದು ನನ್ನವರು ಆಮೇಲೆ ತಿಳಿಸಿ ಹೇಳಿದರು. ಕಾಮಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತಳು.

"ನಾ ಓಗ್ನಿಲ್ಲ ಅಂತ ಅವ್ರೇ ಬಂದವ್ರೆ," ಎಂದಳು. "ಮಣ್ಣೊಳಗಿಂದ ನಡಕೊಂಡು ಬಂದವ್ರೆ ತಾಯಿ."

ಆಗ ಅತ್ತಳು. ನಾನು ಅಂಥ ಅಳುವನ್ನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅತ್ತು ಮುಗಿಸಿ, ಬೊಗಸೆಯಲ್ಲಿ ಆ ನೀರು ಹಿಡಿದು ಕುಡಿದಳು. ನನಗೂ ಕುಡಿಸಿದಳು. ಮರುದಿನ ತಾನೇ ಗುದ್ದಲಿ ಹಿಡಿದು ಮೇಲಿನ ಹೊಲದ ಬದು ಕಡಿದಳು. ನನ್ನವರು ಗುದ್ದಲಿಗೆ ಕೈ ಚಾಚಿದರೆ, ಕೊಡಲಿಲ್ಲ.

ಆ ಹೊಲದ ಮೊದಲ ಅನ್ನವನ್ನು ಎಲೆಯಲ್ಲಿಟ್ಟು ಬಾವನಿಗೆ ಎಡೆ ಹಾಕಿದೆವು. ಆಮೇಲೆ ಕಾಮಕ್ಕ ಒಂದು ತುತ್ತು ಬಾಯಿಗಿಟ್ಟಳು. ತುಂಬ ಹೊತ್ತು ಅಗಿದಳು. ನಾವೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು.

"ಜೋಳದಷ್ಟು ಗಟ್ಟಿಯಿಲ್ಲ," ಎಂದಳು. "ಆದ್ರೂ ಅವ್ರಿಗೆ ಹಿಡಿಸ್ತಿತ್ತು."

ಅವಳು ಹೋಗಿ ಬಹಳ ಕಾಲವಾಯಿತು. ನನ್ನವರೂ ಇಲ್ಲ. ಇದನ್ನೆಲ್ಲ ಇವತ್ತು ಮೊಮ್ಮಗಳಿಗೆ ಹೇಳಿದೆ. ನಮ್ಮ ಮಾತು ಅವಳಿಗೆ ತಿಳಿಯುತ್ತದೆ, ಆಡುವಾಗ ತಡವರಿಸುತ್ತಾಳೆ. ಕೊನೆಗೆ ಕೇಳಿದಳು: "ಆ ದೊಡ್ಡ ತಾತನ ಪೇರು ಏನು, ಪಾಟಿ?"

ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನಾಗಲಿ ಗಂಡನ ಅಣ್ಣನ ಹೆಸರನ್ನಾಗಲಿ ಬಾಯಿಂದ ಆಡುವಂತಿಲ್ಲ. ಕಾಮಕ್ಕ ಸಾಯುವವರೆಗೂ ಆಡಲಿಲ್ಲ, ನಾನೂ ಈವರೆಗೆ ಆಡಿಲ್ಲ. ನಾವು ಮರ್ಯಾದೆ ಕಾದೆವು. ಆ ಮರ್ಯಾದೆಯಲ್ಲೇ ಹೆಸರು ಸವೆದು ಹೋಗಿ, ಅದು ಗೊತ್ತಿರುವವಳು ಈಗ ನಾನೊಬ್ಬಳೇ ಉಳಿದಿದ್ದೇನೆ.

ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಅವಳನ್ನು ಹತ್ತಿರ ಕರೆದೆ.

"ರಂಗಪ್ಪ," ಎಂದೆ.

ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದಳು. ಗಟ್ಟಿಯಾಗಿ ಹೇಳಿದೆ.