ಮೀಸೆ ಹೋದ ವರ್ಷ

ನಾವು ಸೂರತ್ತಿಗೆ ಬಂದ ಮೇಲಿನ ಎರಡನೆಯ ಬೇಸಿಗೆ ಅದು. ಬೆಳಿಗ್ಗೆ ಚಹಾ ತಂದ ಹೆಂಡತಿ ಲೋಟವನ್ನು ನನಗೆ ಕೊಡದೆ ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತಳು.

"ಇದೇನ್ರೀ, ಮೀಸಿ ಹಿಂಗ್ಯಾಕ ಕತ್ತರಿಸಿಕೊಂಡೀರಿ?"

"ನಾನೆಲ್ಲಿ ಕತ್ತರಿಸಿಕೊಂಡೆ? ಕತ್ತರಿ ಮುಟ್ಟೇ ಇಲ್ಲ."

ಅವಳು ಲೋಟ ಕೆಳಗಿಟ್ಟು, ಮೀಸೆಯ ಎಡಬದಿಗೆ ಬೆರಳು ಆಡಿಸಿ ನೋಡಿದಳು. "ಕೂದಲಾ ಇಲ್ಲ ಇಲ್ಲಿ. ನುಣ್ಣಗ ಐತಿ, ಕೂಸಿನ ಗಲ್ಲ ಇದ್ದಂಗ."

ಕನ್ನಡಿಯಲ್ಲಿ ನೋಡಿಕೊಂಡೆ. ಬಟಾಣಿ ಕಾಳಿನಷ್ಟು ಜಾಗ ಪೂರ್ತಿ ಬೋಳಾಗಿತ್ತು. ತುರಿಕೆಯಿಲ್ಲ, ಉರಿಯಿಲ್ಲ, ಕೆಂಪಾಗಿರಲಿಲ್ಲ. ಸುತ್ತಲಿನ ಕೂದಲು ಎಂದಿನಂತೆ ದಟ್ಟವಾಗಿಯೇ ಇತ್ತು.

ನಮ್ಮದು ಬಾಗಲಕೋಟೆ ಕಡೆ. ಬ್ಯಾಂಕಿನ ನೌಕರಿಯಲ್ಲಿ ವರ್ಗವಾಗಿ ಗುಜರಾತಿಗೆ ಬಂದವರು. ಮೊದಲು ವಡೋದರಾದ ಗೋರ್ವಾದಲ್ಲಿದ್ದೆವು, ಆಮೇಲೆ ಸೂರತ್ತು. ಕತಾರ್‌ಗಾಮಿನ ಶಾಖೆಯಲ್ಲಿ ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ವಜ್ರ ಕತ್ತರಿಸಿ ಹೊಳಪು ಕೊಡುವ ಕಾರ್ಖಾನೆಯವರು. ಕಾಲೇಜಿನಲ್ಲಿ ಚಿಗುರಿದ ಮೀಸೆಯನ್ನು ನಾನು ಒಮ್ಮೆಯೂ ತೆಗೆದಿರಲಿಲ್ಲ. ನಮ್ಮ ಶಾಖೆಯಲ್ಲಿ ದಪ್ಪ ಮೀಸೆಯವನು ನಾನೊಬ್ಬನೇ ಆದ್ದರಿಂದ ಗಿರಾಕಿಗಳು ನನ್ನ ಹೆಸರಿನ ಗೊಡವೆಗೆ ಹೋಗದೆ 'ಮೂಛ್‌ವಾಳಾ ಸಾಹೇಬ್' ಎಂದೇ ಕರೆಯುತ್ತಿದ್ದರು. ನನಗೂ ಅದು ಖುಷಿಯ ವಿಷಯವೇ ಆಗಿತ್ತು.

ಎದುರು ಮನೆಯ ಹಿರಿಯ ಹೆಂಗಸು, ಅಲ್ಲಿಯ ರೂಢಿಯಂತೆ ನಾವು ಬೆನ್ ಎಂದೇ ಕರೆಯುವವರು, ನೋಡಿದ ಕೂಡಲೇ "ಆ ತೋ ಉಂದರಿ ಛೇ" ಎಂದರು. ಉಂದರ್ ಎಂದರೆ ಗುಜರಾತಿಯಲ್ಲಿ ಇಲಿ. ಇಲಿ ಕಡಿದ ಹಾಗೆ ಕೂದಲು ಹೋಗುವ ರೋಗಕ್ಕೆ ಅವರಲ್ಲಿ ಉಂದರಿ ಎನ್ನುತ್ತಾರೆ. ಊರಿನಲ್ಲಿದ್ದ ನನ್ನ ಅಕ್ಕ ಫೋನಿನಲ್ಲಿ ವಿಷಯ ಕೇಳಿ "ಹುಳ ತಿಂದೈತಿ ಬಿಡು" ಎಂದಳು. ಇಲಿಯೋ ಹುಳವೋ, ಮದ್ದು ಮಾತ್ರ ಇಬ್ಬರದೂ ಒಂದೇ: ಉಳ್ಳಾಗಡ್ಡಿ ರಸ ತಿಕ್ಕಬೇಕು. ಒಂದಿಷ್ಟು ದಿನ ತಿಕ್ಕಿಕೊಂಡೆ. ಮೂಗಿನ ಕೆಳಗೇ ಆ ವಾಸನೆ ಇಟ್ಟುಕೊಂಡು ಬ್ಯಾಂಕಿಗೆ ಹೋಗುವುದು ಹೇಗೆ? ಸಾಲ ಕೇಳಲು ಬಂದವರು ಕುರ್ಚಿ ಹಿಂದೆ ಸರಿಸಿಕೊಂಡು ಕೂರುತ್ತಿದ್ದರು.

ಒಂದು ಸಣ್ಣ ವಜ್ರದ ಕಾರ್ಖಾನೆಯ ಮಾಲೀಕರಿದ್ದರು, ಬಹಳ ಸಲಿಗೆಯವರು. ಅವರು ಒಂದು ದಿನ ಜೇಬಿನಿಂದ ಕಲ್ಲು ನೋಡುವ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, "ಜರಾ ಊಪರ್ ದೇಖಿಯೇ" ಎಂದು ನನ್ನ ಗದ್ದ ಎತ್ತಿ ಹಿಡಿದರು. ಕೌಂಟರಿನ ಆಚೆ ಇದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ಅವರು ಬಹಳ ಹೊತ್ತು ಪರೀಕ್ಷಿಸಿ, "ಏಕ್‌ದಮ್ ಸಾಫ್ ಹೈ ಸಾಹೇಬ್, ಕೋಯೀ ದಾಗ್ ನಹೀಂ" ಎಂದು, ಒಂದು ಕಲೆಯೂ ಇಲ್ಲವೆಂದು ತೀರ್ಪು ಕೊಟ್ಟರು. ಕಲ್ಲಾಗಿದ್ದರೆ ನನಗೆ ಒಳ್ಳೆಯ ಬೆಲೆ ಸಿಗುತ್ತಿತ್ತು ಎಂದು ಶಾಖೆಯವರು ಎಷ್ಟೋ ದಿನ ನಗುತ್ತಿದ್ದರು.

ನಗುವಷ್ಟರ ಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಚುಕ್ಕೆ ದೊಡ್ಡದಾಯಿತು. ಬಲಬದಿಯಲ್ಲಿ ಇನ್ನೊಂದು ಬಿತ್ತು. ಆಗ ಎಲ್ಲರೂ ಒಂದೇ ಮಾತಿಗೆ ಬಂದು ನಿಂತರು. ಟೆನ್ಶನ್. ಸಹೋದ್ಯೋಗಿ ಹೇಳಿದ, ವಾಚ್‌ಮನ್ ಹೇಳಿದ, ವಡೋದರಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳೂ ಎಲ್ಲೋ ಓದಿಕೊಂಡು ಹೇಳಿದಳು. ನನಗೆ ಇದ್ದ ಟೆನ್ಶನ್ ಯಾವುದು? ಹಾಗೆ ನೋಡಿದರೆ ನೌಕರಿ ಸೇರಿದ ಮೇಲೆ ಅಷ್ಟು ಹಗುರಾಗಿದ್ದ ಕಾಲವೇ ಇರಲಿಲ್ಲ. ಮಗಳು ತನಗೆ ಬೇಕಾದ ಕಾಲೇಜು ಸೇರಿದ್ದಳು. ಶಾಖೆ ಮನೆಗೆ ಹತ್ತಿರವಿತ್ತು. ಮಧ್ಯಾಹ್ನ ಮನೆಗೇ ಬಂದು ಬಿಸಿ ರೊಟ್ಟಿ ಉಣ್ಣುತ್ತಿದ್ದೆ.

ಈ ಮಾತು ನನಗೆ ನಾಟದಿದ್ದರೂ ಹೆಂಡತಿಗೆ ನಾಟಿತು. ಒಂದು ಸಂಜೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತ ಕೂತವಳು, ತಲೆ ಎತ್ತದೆ ಕೇಳಿದಳು.

"ನನ್ನ ಮುಂದ ಹೇಳಲಾರದ್ದು ಏನರ ಐತೇನು?"

"ಏನಂದಿ?"

"ಬ್ಯಾಂಕಿನ್ಯಾಗ ಏನರ ಆಗೇತೇನು? ಇಲ್ಲಾ ಮೈಯಾಗ ಆರಾಮಿಲ್ಲೇನು? ಒಳಗ ಇಟ್ಟುಕೊಂಡ್ರ ಹಿಂಗ ಆಗತೈತಿ ಅಂತಾರ ಎಲ್ಲಾರೂ."

"ಏನೂ ಇಲ್ಲ. ಖರೇನ ಹೇಳ್ತೀನಿ."

ಅವಳು "ಹೂಂ" ಎಂದಳು. ನಂಬಲಿಲ್ಲವೆಂದು ಅವಳು ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದ್ದರಲ್ಲೇ ತಿಳಿಯಿತು. ಅಂದಿನಿಂದ ನಾನು ಸುಮ್ಮನೆ ಕಿಟಕಿಯ ಹೊರಗೆ ನೋಡಿದರೂ ಅವಳ ಕಣ್ಣು ನನ್ನ ಮೇಲಿರುತ್ತಿತ್ತು. ನಾನು ಆರಾಮಾಗಿದ್ದೇನೆ ಎಂದು ಸಾಬೀತು ಮಾಡಲು ಬೇಕೆಂದೇ ಹಾಡು ಗುನುಗುತ್ತ ಓಡಾಡಿದೆ. ಅದರಿಂದ ಅವಳ ಅನುಮಾನ ಇನ್ನೂ ಹೆಚ್ಚಾಯಿತು.

ಕೊನೆಗೆ ಇಬ್ಬರೂ ಚರ್ಮದ ಡಾಕ್ಟರ ಬಳಿ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು. ಮೊದಲ ಸಲ ಹೋದಾಗ ರಕ್ತ ಪರೀಕ್ಷೆ ಮಾಡಿಸಿದ್ದರು, ಎರಡನೆಯ ಸಲ ಹೋಗುವಷ್ಟರಲ್ಲಿ ಎಲ್ಲ ಸರಿಯಾಗಿಯೇ ಬಂದಿತ್ತು. ಮೈಯನ್ನು ಕಾಯುವ ವ್ಯವಸ್ಥೆಯೇ ಕೂದಲಿನ ಬೇರನ್ನು ಹೊರಗಿನದು ಎಂದು ತಪ್ಪು ತಿಳಿದು ಅದರ ಮೇಲೆ ಹೋಗುತ್ತದೆ ಎಂದು ವಿವರಿಸಿದರು.

"ಹಾಗೆ ಯಾಕೆ ತಪ್ಪು ತಿಳಿಯುತ್ತದೆ?" ಎಂದು ನಾನು ಕೇಳಿದೆ.

"ಗೊತ್ತಿಲ್ಲ."

"ನಿಮಗೆ ಗೊತ್ತಿಲ್ಲವೋ?"

"ನನಗೂ ಗೊತ್ತಿಲ್ಲ, ಬೇರೆಯವರಿಗೂ ಖಚಿತವಾಗಿ ಗೊತ್ತಿಲ್ಲ" ಎಂದು ಅವರು ನಕ್ಕರು. "ನಿಮಗೇ ಯಾಕೆ ಬಂತು, ಈಗಲೇ ಯಾಕೆ ಬಂತು ಅಂದರೆ ನನ್ನ ಹತ್ತಿರ ಉತ್ತರವಿಲ್ಲ. ಇನ್ನಷ್ಟು ಹೋಗಬಹುದು, ತಾನಾಗಿಯೇ ವಾಪಸು ಬರಲೂಬಹುದು. ಹಚ್ಚಲು ಒಂದು ಮುಲಾಮು ಬರೆಯುತ್ತೇನೆ."

ಹೆಂಡತಿ ಮುಂದೆ ಬಾಗಿ ತನ್ನ ಹಿಂದಿಯಲ್ಲಿ ಕೇಳಿದಳು. "ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡರೆ ಆಗುತ್ತದೆಯೇ?"

"ಎಷ್ಟೋ ಜನ ಸಂತೋಷವಾಗಿದ್ದವರಿಗೂ ಬರುತ್ತದೆ ಬೆನ್. ಇವರನ್ನು ನೋಡಿದರೆ ಸಂತೋಷವಾಗಿಯೇ ಇದ್ದಾರೆ ಅನ್ನಿಸುತ್ತದೆ."

ಬರುವಾಗ ಆಟೋ ನದಿಯ ಸೇತುವೆ ಹತ್ತಿದ ಮೇಲೆ ಹೆಂಡತಿ ಗಾಳಿಗೆ ಸೆರಗು ಹಿಡಿದುಕೊಂಡು, "ಹಂಗಾರ ನೀವು ಖರೇನ ಆರಾಮ ಅದೀರಿ" ಎಂದಳು. ನಾನು ಅಷ್ಟು ದಿನದಿಂದ ಅದನ್ನೇ ಹೇಳುತ್ತಿದ್ದೆ. ಆದರೂ ಅವಳ ಬಾಯಿಂದ ಬಂದಾಗ ನನಗೂ ಒಂದು ಭಾರ ಇಳಿದಂತಾಯಿತು. ಕಾರಣ ಸಿಗದೆ ಅಷ್ಟು ಸಮಾಧಾನವಾಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮಳೆಗಾಲ ಮುಗಿಯುವ ಹೊತ್ತಿಗೆ ಮೀಸೆ ಅಲ್ಲಲ್ಲಿ ಉಳಿದ ಹುಲ್ಲಿನ ಹಾಗಾಯಿತು. ಇದ್ದರೆ ಪೂರ್ತಿ ಇರಲಿ, ಇಲ್ಲದಿದ್ದರೆ ಬೇಡ ಎಂದು ಕ್ಷೌರದಂಗಡಿಗೆ ಹೋಗಿ ಕೂತೆ. "ಪೂರಾ?" ಎಂದು ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಕತ್ತಿ ಹಿಡಿದ. ಮನೆಗೆ ಬಂದು ಗಂಟೆ ಒತ್ತಿದಾಗ ಹೆಂಡತಿ ಬಾಗಿಲು ತೆರೆದು, ಗಂಭೀರವಾಗಿ "ಯಾರು ಬೇಕಾಗಿತ್ರಿ?" ಎಂದಳು. ಆಮೇಲೆ ನಗು ತಡೆಯಲಾಗದೆ ಬಾಗಿಲಿಗೇ ಒರಗಿದಳು. ಮರುದಿನ ಬ್ಯಾಂಕಿನಲ್ಲಿ ಒಬ್ಬ ಮುದುಕರು ನನ್ನೆದುರಿಗೇ ಬಂದು ನಿಂತು, "ಮೂಛ್‌ವಾಳಾ ಸಾಹೇಬ್ ಕ್ಯಾಂ ಗಯಾ?" ಎಂದು, ಸಾಹೇಬರು ಎಲ್ಲಿ ಹೋದರೆಂದು ನನ್ನನ್ನೇ ವಿಚಾರಿಸಿದರು. ವರ್ಗವಾಗಿ ಹೋದರು ಎಂದು ಪಕ್ಕದ ಮೇಜಿನವನು ಹೇಳಿಯೇಬಿಟ್ಟ. ಒಳ್ಳೆಯ ಮನುಷ್ಯ ಇದ್ದ ಎಂದು ಅವರು ಮರುಗಿದರು. ನನ್ನ ಬಗ್ಗೆ ಬೇರೆಯವರ ಮುಂದೆ ಹೀಗೆ ಮಾತಾಡುತ್ತಾರೆಂದು ತಿಳಿದು ನನಗೆ ಇಡೀ ದಿನ ಹಿಗ್ಗು.

ಆ ಭಾನುವಾರ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆವು. ರಜೆಗೆ ಬಂದಿದ್ದ ಮಗಳೂ ಪಕ್ಕದಲ್ಲಿದ್ದಳು. "ಪಪ್ಪಾ ಯಂಗ್ ದಿಖ್ತಾರೆ ಅಲ್ಲಾ ಅತ್ತೇ?" ಎಂದು ತನ್ನ ಅರೆಬರೆ ಕನ್ನಡದಲ್ಲಿ ಕೇಳಿ ಫೋನನ್ನು ನನ್ನತ್ತ ತಿರುಗಿಸಿದಳು. ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

"ತಮ್ಮಾ, ಅವ್ವನ ಬಾಯಿ ಅದು. ಅವ್ವನ್ನ ನೋಡಿದಂಗಾತು."

ನಮ್ಮ ಅವ್ವ ನಾನು ಸಣ್ಣವನಿದ್ದಾಗಲೇ ಹೋದಳು. ನನ್ನನ್ನು ಬೆಳೆಸಿದವಳು ಅಕ್ಕನೇ. ಅವ್ವನ ಫೋಟೋ ಎಂದು ನಮ್ಮಲ್ಲಿರುವುದು ಒಂದೇ, ಅದರಲ್ಲೂ ಅರ್ಧ ಮುಖ ಸೆರಗಿನ ಮರೆಯಲ್ಲಿದೆ. ಅವಳ ಮುಖ ನನಗೆ ನೆನಪಿಲ್ಲ. ನನ್ನ ಹೆಂಡತಿ ಅತ್ತೆಯನ್ನು ಕಂಡೇ ಇಲ್ಲ.

ಚಳಿಗಾಲದಲ್ಲಿ ಅಕ್ಕ ರೈಲು ಹತ್ತಿ ಬಂದಳು. ಬಂದವಳು ಊರು ನೋಡುವ ಆತುರ ತೋರಿಸಲಿಲ್ಲ. ನಾನು ಉಣ್ಣುವಾಗ ಎದುರಿಗೆ ಕೂತು ನೋಡುವುದೇ ಅವಳ ಕೆಲಸ. ಒಂದು ಸಂಜೆ ಅವಳನ್ನು ನದಿಯ ದಂಡೆಯ ಅಂಗಡಿಗಳಿಗೆ ಪೋಂಕ್ ತಿನ್ನಿಸಲು ಕರೆದುಕೊಂಡು ಹೋದೆವು. ಎಳೆ ಜೋಳದ ತೆನೆ ಸುಟ್ಟು ಕಾಳು ಬಿಡಿಸಿ, ಸೇವು ಬೆರೆಸಿ ಕೊಡುತ್ತಾರೆ. ಅಕ್ಕ ಒಂದು ಹಿಡಿ ಬಾಯಿಗೆ ಹಾಕಿಕೊಂಡವಳೇ ಬೆರಗಾದಳು.

"ಇದು ನಮ್ಮ ಸೀತನಿ ಅಲ್ಲೇನೋ! ಹೆಸರು ಬ್ಯಾರೆ ಇಟ್ಟು ಮಾರ್ತಾರಲ್ಲ!"

ಅವಳ ದನಿಗೆ ಅಂಗಡಿಯವನೂ ತಿರುಗಿ ನೋಡಿದ. ಜನರ ಮುಂದೆ ಗಟ್ಟಿಯಾಗಿ ನಗಬಾರದೆಂದು ನಾನು ತುಟಿ ಬಿಗಿಹಿಡಿದೆ. ಅಕ್ಕ ಹೆಂಡತಿಯ ಕೈ ಹಿಡಿದು ಎಳೆದಳು.

"ನೋಡ, ನೋಡ ಅಲ್ಲೆ! ಅಪ್ಪನ ಮುಂದ ನಗು ಬಂದ್ರ ಅವ್ವ ಹಿಂಗಾ ಮ್ಯಾಲಿನ ತುಟಿ ಬಿಗಿ ಹಿಡೀತಿದ್ಲು."

"ಇವರು ದಿನಾ ಹಂಗ ಮಾಡ್ತಾರ ಕಾಣತೈತ್ರಿ ಅಕ್ಕಾರ" ಎಂದಳು ಹೆಂಡತಿ. "ಮೀಸ್ಯಾಗ ನನಗ ಗೊತ್ತ ಆಗತಿದ್ದಿಲ್ಲ."

ಇಬ್ಬರೂ ನನ್ನನ್ನೇ ನೋಡುತ್ತ ನಿಂತರು. ನನಗೆ ನಾಚಿಕೆಯಾಗಿ ಇನ್ನೊಂದು ಪೊಟ್ಟಣ ಪೋಂಕ್ ತರಲು ಹೋದೆ.

ಅಕ್ಕ ಊರಿಗೆ ಮರಳಿದ ಮೇಲೆ ತುಟಿಯ ಮೇಲೆ ಬಿಳಿ ನವಿರು ಕಾಣಿಸಿತು. ಮುಲಾಮಿನಿಂದ ಬಂತೋ, ಅದಾಗಿಯೇ ಬಂತೋ ಡಾಕ್ಟರಿಗೂ ಹೇಳಲಾಗಲಿಲ್ಲ. ಮೊದಲು ಬೆಳ್ಳಗೆ ಬರುತ್ತದೆ, ಆಮೇಲೆ ಬಣ್ಣ ಬರಬಹುದು ಎಂದರು. ಹಾಗೆಯೇ ಆಯಿತು. ಈಗ ಮೀಸೆ ಇದೆ, ಕರಿಬಿಳಿ ಬೆರೆತದ್ದು. ಊರಿಗೆ ಹೋಗುವ ಮುಂಚೆ ಮಾತ್ರ ಬೋಳಿಸಿಕೊಂಡು ಹೋಗುತ್ತೇನೆ. ಹೋಗಿ ಬಂದ ಮೇಲೆ ಮತ್ತೆ ಬಿಡುತ್ತೇನೆ.

ಮೊನ್ನೆ ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದ ಹೆಂಡತಿಯ ಕೈ ಹಿಂದಲೆಯಲ್ಲಿ ನಿಂತಿತು.

"ಇಲ್ಲೊಂದು ಆಗೇತಿ, ಸಣ್ಣದು."

"ಡಾಕ್ಟರಿಗೆ ತೋರಿಸಬೇಕೇನು?"

"ತೋರಿಸೂಣಂತ, ಬರೂ ವಾರ. ಇವತ್ತು ಮಗಳು ಬರಾಕತ್ತಾಳ, ಸ್ಟೇಶನ್ನಿಗೆ ಹೋಗಬೇಕು" ಎಂದಳು. ಆಮೇಲೆ ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ನನ್ನ ತಲೆಗೇ ಸುರಿದು ಎರಡೂ ಕೈಯಿಂದ ತಿಕ್ಕತೊಡಗಿದಳು.