ಚೂಪು ಕಳೆದುಕೊಂಡ ಟಿಬೆಟನ್ ಅಕ್ಷರ

"ಬಾಲ ಎಲ್ಲಿ ಹೋಯ್ತು?"

ಕಳೆದ ಭಾನುವಾರ ಶ್ರೀರಂಗಪಟ್ಟಣದ ಡಿಟಿಪಿ ಅಂಗಡಿಯಲ್ಲಿ ಕೂತು ಹೀಗೆ ಕೇಳಿದವರು ಬೈಲಕುಪ್ಪೆಯ ಟಿಬೆಟನ್ ಮೇಷ್ಟ್ರು. (ಲಾಮಾ. ಕನ್ನಡ ನಿಧಾನ, ಆದರೆ ನನಗಿಂತ ಸ್ಪಷ್ಟ.) ಕೇಳಿಸಿಕೊಂಡವನು ಅಂಗಡಿಯ ಒಡೆಯ, ನನ್ನ ಗೆಳೆಯ ನಟೇಶ. ಬೆವರಿದ್ದು ಮಾತ್ರ ನಾನು. ಇವರಿಬ್ಬರನ್ನು ಗಂಟು ಹಾಕಿದ ಪುಣ್ಯಾತ್ಮ ನಾನೇ ತಾನೆ?

ಮೇಷ್ಟ್ರಿಗೆ ಶಾಲೆಯ ಪುಸ್ತಕಕ್ಕೆ ಕಂಪ್ಯೂಟರಿನಲ್ಲಿ ಟೈಪ್ ಮಾಡುವಂಥ ಹೊಸ ಟಿಬೆಟನ್ ಫಾಂಟು ಬೇಕಿತ್ತು. ನಟೇಶ ಅಕ್ಕಸಾಲಿಗರ ಮನೆಯವನು. ಪಾಂಡವಪುರದಲ್ಲಿ ಅಪ್ಪನ ಕಸುಬು ಬಿಟ್ಟು ಇಲ್ಲಿ ಅಂಗಡಿ ಇಟ್ಟಿದ್ದ. ಗಿರಾಕಿಗಳು ಕಡಿಮೆ. "ಇದೂ ಕೈ ಕೊಟ್ರೆ ಬಾಗ್ಲಾಕಿ ಬಂದ್ಬುಡ್ಲಾ" ಎಂದು ಅಪ್ಪ ಆಗಲೇ ಹೇಳಿಯಾಗಿತ್ತು. ಟಿಬೆಟನ್ ಒಂದಕ್ಷರ ಓದಲು ಬಾರದಿದ್ದರೂ, ಮೇಷ್ಟ್ರು ಕೊಟ್ಟ ಹಳೆ ಪುಸ್ತಕ ನೋಡಿಕೊಂಡು ನಟೇಶ ಮಳೆಗಾಲವೆಲ್ಲ ಕೂತು ಅಕ್ಷರ ಬಿಡಿಸಿದ.

ಆ ಲಿಪಿಯಲ್ಲಿ ಎಷ್ಟೋ ಅಕ್ಷರಗಳ ಬಾಲ ಇಳಿಯುತ್ತಾ ಇಳಿಯುತ್ತಾ ಸೂಜಿಯಾಗುತ್ತದೆ. ನಟೇಶನ ಪುಟದಲ್ಲಿ ಎಲ್ಲ ತುದಿಯೂ ಗುಂಡಗೆ!

ನಟೇಶ ತಲೆ ಚಚ್ಚಿಕೊಂಡ. "ಚೂಪಾಗಿದ್ರೆ ಸೀರೆಗೆ ಸಿಕ್ಕಾಕ್ಕತ್ತದೆ ಅಂತ ತುದಿನೆಲ್ಲ ತೇದ್ಬುಟ್ಟಿವ್ನಿ ಸಾಮಿ!"

"ಲೇ, ಅಕ್ಸರಾನ ಯಾರ್ಲಾ ಕಿವಿಗೆ ಆಕ್ಕತ್ತಾರೆ?" ಎಂದು ನಾನು ರೇಗಿದೆ.

ಒಡವೆಯಲ್ಲಿ ಚುಚ್ಚುವ ತುದಿ ಉಳಿಯಬಾರದು, ಅಪ್ಪ ಕಲಿಸಿದ ಮೊದಲ ಪಾಠ. ಮೌಸು ಹಿಡಿದ ಕೈಗೆ ಅದು ಮರೆತಿರಲಿಲ್ಲ.

ಮೇಷ್ಟ್ರು ಹಳೆ ಪುಸ್ತಕ, ಹೊಸ ಪುಟ ಎರಡನ್ನೂ ಎತ್ತಿಕೊಂಡು ಎದುರಿನ ಜೆರಾಕ್ಸ್ ಅಂಗಡಿಗೆ ಹೋದರು. ನಟೇಶ ಕಂಪ್ಯೂಟರಿಗೆ ಕವರ್ ಹೊದಿಸತೊಡಗಿದ. ನೋಡಲಾಗಲಿಲ್ಲ ನನಗೆ.

ಬಂದವರು ಪ್ರತಿಗಳನ್ನು ಮೇಜಿನ ಮೇಲಿಟ್ಟರು. ಹಳೆಯದರ ಸೂಜಿ ತುದಿಗಳು ಅರ್ಧಕ್ಕರ್ಧ ಮಾಯ. ನಟೇಶನ ಅಕ್ಷರಗಳು ಗಟ್ಟಿಯಾಗಿ ನಿಂತಿದ್ದವು.

"ನಮ್ಮ ಶಾಲೆಯಲ್ಲಿ ಪುಸ್ತಕ ಅಂದ್ರೆ ಜೆರಾಕ್ಸೇ. ಮಕ್ಕಳಿಗೆ ಇದೇ ಇರಲಿ. ಪ್ರಾರ್ಥನೆ ಪುಸ್ತಕಕ್ಕೆ ಮಾತ್ರ ಚೂಪು ಮಾಡಿಕೊಡಿ."

ಅಬ್ಬಾ! ಹೋದ ಜೀವ ಬಂದಂತಾಯಿತು. ಒಂದಲ್ಲ, ಎರಡು ಫಾಂಟಿನ ಕೆಲಸ!

ಕಿಕ್ಕೇರಿಯ ನನ್ನ ಭಾವ ಎತ್ತು ಮಾರಿ ಟ್ರಾಕ್ಟರು ತಂದು ಎಷ್ಟೋ ಕಾಲವಾಯಿತು. ಈಗಲೂ ಬ್ರೇಕ್ ಒತ್ತುವಾಗ "ಹೋ ಹೋ" ಅನ್ನುತ್ತಾನೆ. ನಾವು ಆಡಿಕೊಂಡು ನಗುತ್ತೇವೆ. ಇನ್ನು ಮೇಲೆ ನಗಬಾರದು ಅಂದುಕೊಂಡಿದ್ದೇನೆ. (ಆದೀತೋ ಇಲ್ಲವೋ.)

ಮೇಷ್ಟ್ರನ್ನು ಬಸ್ಸು ಹತ್ತಿಸಿದವನೇ ನಟೇಶ ಪಾಂಡವಪುರದ ಕಡೆ ಹೊರಟ. "ಅಂಗ್ಡಿ ಉಳೀತು ಅಂತ ಅಪ್ಪಂಗೆ ಏಳ್ಬುಟ್ಟು ಬತ್ತೀನಿ ಕಣ್ಲಾ."

ಹೇಳಲಿ, ಸಂತೋಷ. ಉಳಿಸಿದ್ದು ಯಾರ ಪಾಠ ಅಂತ ಅಪ್ಪ ಕೇಳಿದರೆ?